ನೀವೆಲ್ಲಿದ್ದೀರಿ ಅಂತ ನಿಮಗೆ ಹೇಳೋರು ಯಾರು?

ನ್ಯೂಸ್ ರೂಮಿನಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಸುವ ಪ್ರಶ್ನೆ ಯಾವುದು ಗೊತ್ತಾ? ‘ಏನಾಯ್ತು’ ಅಲ್ಲ. ‘ಎಲ್ಲಿದೀಯಪ್ಪಾ?’ ವರದಿಗಾರ ಫೋನ್ ಎತ್ತಿದ ತಕ್ಷಣ ಡೆಸ್ಕಿನವರು ಕೇಳೋದು ಅದನ್ನೇ. ಆಮೇಲೆ ಇನ್ನೊಂದು ಮಾತು: ‘ಲೊಕೇಶನ್ ಹಾಕು.’ ಅವನು ಬೆರಳಲ್ಲಿ ಒಂದು ಸಲ ಒತ್ತುತ್ತಾನೆ, ನಮ್ಮ ಪರದೆ ಮೇಲೆ ನೀಲಿ ಚುಕ್ಕೆ ಬಂದು ಕೂರುತ್ತೆ. ಅಲ್ಲಿಗೆ ಮುಗೀತು.

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ಹೆದ್ದಾರಿಯಲ್ಲಿ, ಹುಲಕೋಟಿ ದಾಟಿದ ಮೇಲೆ ಬಿಂಕದಕಟ್ಟಿ ಬರುತ್ತೆ. ಪ್ರಾಣಿ ಸಂಗ್ರಹಾಲಯ ಇರೋ ಊರು. ಒಂದು ಸಂಜೆ ಅಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದ್ದೆವು. ನಾನು ಫೋನ್ ತೆಗೆದು ನೀಲಿ ಚುಕ್ಕೆ ನೋಡುತ್ತಿದ್ದೆ. ಉತ್ತರ ಅಕ್ಷಾಂಶ 15 ಡಿಗ್ರಿ ಚಿಲ್ಲರೆ, ಪೂರ್ವ ರೇಖಾಂಶ 75 ಡಿಗ್ರಿ ಚಿಲ್ಲರೆ. ಡ್ರೈವರ್ ಇಣುಕಿ ನೋಡಿ ಕೇಳಿದ: ‘ಸರ, ಇದು ಬಂದ್ ಬಿತ್ತಂದ್ರ ನಾವೆಲ್ಲಿ ಅದೀವಿ ಅಂತ ಹೆಂಗ್ ಗೊತ್ತಾಗಬೇಕ್ರಿ?’ ನಾನು ನಕ್ಕು, ‘ಬೋರ್ಡ್ ಐತಲ್ಲಪ್ಪಾ’ ಅಂದೆ. ಅವನು ಬಿಡಲಿಲ್ಲ. ‘ಬೋರ್ಡ್ ಇಲ್ಲದ ಕಡೆರೀ? ಸಮುದ್ರದಾಗ?’

ಸ್ನೇಹಿತರೇ, ಈ ಪ್ರಶ್ನೆಗೆ ಮನುಷ್ಯ ಉತ್ತರ ಹುಡುಕಿದ ಕಥೆಯಲ್ಲಿ ಗದಗಿನ ಹತ್ತಿಯ ಪಾಲೂ ಇದೆ, ಕಾರವಾರದ ಪಕ್ಕದ ಒಂದು ದ್ವೀಪದ ಪಾಲೂ ಇದೆ. ಸಮುದ್ರದಿಂದ ಇನ್ನೂರು ಕಿಲೋಮೀಟರ್ ದೂರದ ಎರೆ ಹೊಲದ ನಾಡಿಗೂ, ಹಡಗಿನ ಕಪ್ತಾನನ ಕೈಲಿದ್ದ ಹಿತ್ತಾಳೆಯ ಉಪಕರಣಕ್ಕೂ ಏನು ಸಂಬಂಧ? ಆ ಉಪಕರಣದ ಹೆಸರು ಸೆಕ್ಸ್‌ಟೆಂಟ್. ಇವತ್ತು ಅದು ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿ, ಹಳೇ ಸಾಮಾನು ಮಾರುವ ಅಂಗಡಿಗಳಲ್ಲಿ ಕಾಣಸಿಗುತ್ತೆ. ಇದನ್ನು ಅರ್ಥ ಮಾಡ್ಕೋಬೇಕು ಅಂದ್ರೆ ಮೊದಲು ನಮ್ಮ ಕೈ ಬೆರಳಿನಿಂದ ಶುರು ಮಾಡಬೇಕು.

ಬಿಂಕದಕಟ್ಟಿಯಲ್ಲಿ ರಾತ್ರಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಧ್ರುವತಾರೆ ಬಾನಂಚಿನಿಂದ ಎಷ್ಟು ಎತ್ತರದಲ್ಲಿದೆ ನೋಡಿ. ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ, ಅದು ಆಕಾಶದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ ಮುಚ್ಚುತ್ತೆ. ಮಧ್ಯದ ಮೂರು ಬೆರಳು ಸುಮಾರು 5 ಡಿಗ್ರಿ. ಒಂದು ಮುಷ್ಟಿ, ಅದರ ಮೇಲೆ ಮೂರು ಬೆರಳು ಇಟ್ಟರೆ ಅಲ್ಲೇ ಸುಮಾರಿಗೆ ಧ್ರುವತಾರೆ ಸಿಗುತ್ತೆ. ಅಂದ್ರೆ 15 ಡಿಗ್ರಿ. ಬಿಂಕದಕಟ್ಟಿಯ ಅಕ್ಷಾಂಶ ಕೂಡ ಅಷ್ಟೇ! ಇದು ಕಾಕತಾಳೀಯ ಅಲ್ಲ. ಭೂಮಿ ಗುಂಡಗಿರುವುದರಿಂದ, ನೀವು ಸಮಭಾಜಕದಿಂದ ಉತ್ತರಕ್ಕೆ ಎಷ್ಟು ಡಿಗ್ರಿ ಹೋಗಿದ್ದೀರೋ ಧ್ರುವತಾರೆ ಅಷ್ಟೇ ಡಿಗ್ರಿ ಮೇಲೇಳುತ್ತೆ. ಒಂದು ಡಿಗ್ರಿ ಅಂದ್ರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಗದಗಿನಿಂದ ಒಂದು ಡಿಗ್ರಿ ದಕ್ಷಿಣಕ್ಕೆ ಬಂದರೆ ದಾವಣಗೆರೆಯ ಆಸುಪಾಸು. ಒಂದು ಡಿಗ್ರಿ ಉತ್ತರಕ್ಕೆ ಹೋದರೆ ಬಾಗಲಕೋಟೆಯನ್ನೂ ದಾಟಿರುತ್ತೀರಿ.

ಅರಬ್ಬಿ ಸಮುದ್ರದ ನಾವಿಕರು ಈ ಬೆರಳಿನ ಲೆಕ್ಕವನ್ನೇ ಒಂದು ಉಪಕರಣ ಮಾಡಿಕೊಂಡಿದ್ದರು. ಅದರ ಹೆಸರು ಕಮಾಲ್. ಒಂದು ಸಣ್ಣ ಮರದ ಹಲಗೆ, ಅದರ ನಡುವಿನಿಂದ ಒಂದು ದಾರ, ದಾರದಲ್ಲಿ ಗಂಟುಗಳು. ಇಷ್ಟೇ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಗಿನ ಅಂಚು ದಿಗಂತಕ್ಕೆ, ಮೇಲಿನ ಅಂಚು ನಕ್ಷತ್ರಕ್ಕೆ ತಾಗುವ ಹಾಗೆ ಹಿಡಿಯಬೇಕು. ಯಾವ ಗಂಟು ಹಲ್ಲಿಗೆ ಬಂತೋ ಅದೇ ಆ ಊರಿನ ಅಕ್ಷಾಂಶ. ಅವರ ಅಳತೆಯ ಹೆಸರು ‘ಇಸ್ಬಾ’, ಅಂದ್ರೆ ಅರಬ್ಬಿಯಲ್ಲಿ ಬೆರಳು. ಓದು ಬರಹ ಬರದವನೂ ಕತ್ತಲಲ್ಲಿ ನಾಲಿಗೆಯಿಂದ ಗಂಟು ಎಣಿಸಿ ಬಂದರು ಹುಡುಕಬಹುದಿತ್ತು. ತಾನು ಮುಟ್ಟಬೇಕಾದ ಬಂದರಿನ ಗಂಟು ಬರುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಹೋಗುವುದು, ಆಮೇಲೆ ನೇರ ಪೂರ್ವಕ್ಕೆ ತಿರುಗಿಸುವುದು. 1836ರಲ್ಲೂ ಇಂಥ ಉಪಕರಣ ಬಳಕೆಯಲ್ಲಿದ್ದುದನ್ನು ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿ ಬರೆದಿದ್ದಾರೆ. ಹೌದು, ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿದ ಅದೇ ಪ್ರಿನ್ಸೆಪ್.

ಈಗ ಬರೋಣ ನಮ್ಮೆಲ್ಲ ಪಠ್ಯಪುಸ್ತಕಗಳ ಹೀರೋ ವಾಸ್ಕೋ ಡ ಗಾಮನ ಹತ್ತಿರ. ಅವನು ಭಾರತವನ್ನು ‘ಕಂಡುಹಿಡಿದ’ ಅಂತ ನಮಗೆ ಹೇಳಿಕೊಟ್ಟರು. ವಾಸ್ತವ ಏನು? ಆಫ್ರಿಕಾದ ಮಾಲಿಂದಿಯವರೆಗೆ ಬಂದ ಮನುಷ್ಯನಿಗೆ ಅಲ್ಲಿಂದ ಮುಂದೆ ದಾರಿ ಗೊತ್ತಿರಲಿಲ್ಲ. ಅಲ್ಲಿನ ದೊರೆ ಒಬ್ಬ ಪೈಲಟ್‌ನನ್ನು ಕೊಟ್ಟ. ಪೋರ್ಚುಗಲ್ಲಿನ ಇತಿಹಾಸಕಾರ ಜೊವಾವ್ ಡ ಬಾರೊಸ್ ಆ ಪೈಲಟ್ ಗುಜರಾತಿನವನು ಅಂತ ಬರೆಯುತ್ತಾನೆ. ಗಾಮ ತನ್ನ ದೊಡ್ಡ ಮರದ ಆಸ್ಟ್ರೋಲೇಬ್ ತೋರಿಸಿದಾಗ ಅವನು ಒಂಚೂರೂ ಬೆರಗಾಗಲಿಲ್ಲವಂತೆ. ‘ನಮ್ಮ ಹತ್ತಿರವೂ ಇದೆ’ ಅಂತ ತನ್ನ ಹಲಗೆಗಳನ್ನು ತೆಗೆದು ತೋರಿಸಿದನಂತೆ. ಅವನ ಬಲದಿಂದ 23 ದಿನದಲ್ಲಿ ಹಡಗುಗಳು ಸಮುದ್ರ ದಾಟಿ, 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದವು.

ವಾಪಸ್ ಹೋಗುವ ಕಥೆ ಇನ್ನೂ ಸ್ವಾರಸ್ಯ. ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ಗಾಮ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಲಂಗರು ಹಾಕಿದ. ಹಡಗು ರಿಪೇರಿ ಮಾಡಿಸಿ ಅಕ್ಟೋಬರ್ ಮೊದಲ ವಾರ ಹೊರಟ. ಗಾಳಿ ತಿರುಗುವ ಕಾಲ ಇನ್ನೂ ಬಂದಿರಲಿಲ್ಲ. ನಮ್ಮ ಕರಾವಳಿಯ ಯಾವ ತಾಂಡೇಲನನ್ನು ಕೇಳಿದ್ದರೂ ‘ಸ್ವಲ್ಪ ತಡಿ ಮಾರಾಯ’ ಅನ್ನುತ್ತಿದ್ದ. ಹೋಗುವಾಗ 23 ದಿನ ಹಿಡಿದ ದಾರಿಗೆ ಮರಳುವಾಗ ಹತ್ತಿರ ಹತ್ತಿರ ಮೂರು ತಿಂಗಳು ಹಿಡಿಯಿತು. ವಸಡು ಊದಿ, ಕಾಲು ಬಾತು, ಸ್ಕರ್ವಿ ರೋಗದಿಂದ ಸುಮಾರು 30 ಮಂದಿ ಸತ್ತರು. ಅಷ್ಟೂ ದಿನ ಆಸ್ಟ್ರೋಲೇಬ್ ಅವನ ಹಡಗಿನಲ್ಲೇ ಇತ್ತು. ಉಪಕರಣ ‘ಎಲ್ಲಿದ್ದೀ’ ಅಂತ ಹೇಳುತ್ತೆ ನಿಜ. ‘ಯಾವಾಗ ಹೊರಡಬೇಕು’ ಅನ್ನೋದನ್ನು ಆ ನೀರಿನಲ್ಲಿ ಬದುಕಿದವರನ್ನೇ ಕೇಳಬೇಕು.

ಆದರೆ ಯುರೋಪಿನವರ ಒಂದು ಗುಣ ಒಪ್ಪಲೇಬೇಕು. ಅವರು ಅಲ್ಲಿಗೇ ಸುಮ್ಮನಾಗಲಿಲ್ಲ. ಓಲಾಡುವ ಹಡಗಿನ ಮೇಲೆ ತೂಗುಹಾಕಿದ ಆಸ್ಟ್ರೋಲೇಬ್ ಕೂಡ ಓಲಾಡುತ್ತೆ, ಅಳತೆ ಕೆಡುತ್ತೆ. ಈ ಸಮಸ್ಯೆಗೆ ಇನ್ನೂರು ವರ್ಷ ತಲೆ ಕೆಡಿಸಿಕೊಂಡರು. 1707ರಲ್ಲಿ ಇಂಗ್ಲೆಂಡಿನ ಸಿಲ್ಲಿ ದ್ವೀಪಗಳ ಬಳಿ ಅವರದೇ ನೌಕಾಪಡೆಯ ನಾಲ್ಕು ಹಡಗುಗಳು ಬಂಡೆಗೆ ಬಡಿದು ಮುಳುಗಿ, ಸಾವಿರಕ್ಕೂ ಹೆಚ್ಚು ಜನ ಸತ್ತರು. ತಾವೆಲ್ಲಿದ್ದೇವೆ ಅನ್ನೋದರ ಲೆಕ್ಕ ತಪ್ಪಿತ್ತು. 1714ರಲ್ಲಿ ಬ್ರಿಟಿಷ್ ಸಂಸತ್ತು ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವ ವಿಧಾನಕ್ಕೆ 20,000 ಪೌಂಡ್‌ವರೆಗೆ ಬಹುಮಾನ ಘೋಷಿಸಿತು.

1731ರಲ್ಲಿ ಜಾನ್ ಹ್ಯಾಡ್ಲಿ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಎರಡು ಕನ್ನಡಿಗಳ ಒಂದು ಉಪಕರಣ ಇಟ್ಟ. ಅದೇ ಆಕ್ಟಂಟ್. ಅದೇ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಥಾಮಸ್ ಗಾಡ್‌ಫ್ರೀ ಅನ್ನುವ ಗಾಜು ಕೂರಿಸುವ ಕೆಲಸಗಾರ ತಾನೇ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದ. ಅವರಿಬ್ಬರಿಗೂ ಮೊದಲೇ ನ್ಯೂಟನ್ ಇಂಥದ್ದೊಂದು ವಿನ್ಯಾಸ ಬರೆದು ಹ್ಯಾಲಿಗೆ ಕೊಟ್ಟಿದ್ದ. ಆ ಕಾಗದ ಹ್ಯಾಲಿ ಸತ್ತ ಮೇಲೆ ಅವನ ಕಡತದಲ್ಲಿ ಸಿಕ್ಕಿತು. ಸರ್ಕಾರಿ ಕಚೇರಿಯಲ್ಲಿ ಮಾತ್ರ ಫೈಲು ಮಲಗುತ್ತೆ ಅಂದುಕೊಂಡಿದ್ದೆವು ಅಲ್ವಾ? 1757ರ ಸುಮಾರಿಗೆ ಕ್ಯಾಪ್ಟನ್ ಜಾನ್ ಕ್ಯಾಂಬೆಲ್ ಹೇಳಿದ ಮೇಲೆ ಅದರ ಕಮಾನನ್ನು ದೊಡ್ಡದು ಮಾಡಿದರು. ವೃತ್ತದ ಆರನೇ ಒಂದು ಭಾಗ, 60 ಡಿಗ್ರಿ. ಲ್ಯಾಟಿನ್ನಿನಲ್ಲಿ ಆರನೇ ಒಂದು ಭಾಗ ಅನ್ನೋ ಅರ್ಥದಿಂದಲೇ ಸೆಕ್ಸ್‌ಟೆಂಟ್ ಅನ್ನೋ ಹೆಸರು ಬಂತು.

ಕೆಲಸ ಮಾಡೋದು ಹೇಗೆ? ಕಣ್ಣಿಗೆ ಒಂದು ಸಣ್ಣ ದುರ್ಬೀನು. ಅದರೆದುರು ಅರ್ಧ ಕನ್ನಡಿ, ಅರ್ಧ ಬರೀ ಗಾಜು. ಗಾಜಿನ ಮೂಲಕ ನೇರ ದಿಗಂತ ಕಾಣುತ್ತೆ. ಮೇಲುಗಡೆ ಇನ್ನೊಂದು ಕನ್ನಡಿ, ಅದನ್ನು ಅತ್ತಿತ್ತ ಸರಿಯುವ ಒಂದು ತೋಳಿಗೆ ಕೂರಿಸಿರುತ್ತಾರೆ. ತೋಳು ಸರಿಸುತ್ತಾ ಹೋದರೆ ಆಕಾಶದ ಸೂರ್ಯನ ಬಿಂಬ ಇಳಿಯುತ್ತಾ ಇಳಿಯುತ್ತಾ ಬಂದು ಸಮುದ್ರದ ಗೆರೆ ಮೇಲೆ ಕೂರುತ್ತೆ. ಕಣ್ಣು ಸುಡದ ಹಾಗೆ ಕಪ್ಪು ಗಾಜುಗಳಿರುತ್ತವೆ. ತೋಳು ಎಷ್ಟು ಸರಿದಿದೆ ಅಂತ ಕೆಳಗಿನ ಕಮಾನಿನ ಮೇಲೆ ಓದಿಕೊಂಡರೆ ಅದೇ ಸೂರ್ಯನ ಎತ್ತರ. ಇದರ ಗುಟ್ಟು ಏನಪ್ಪಾ ಅಂದ್ರೆ, ಹಡಗು ಓಲಾಡಿದಾಗ ದಿಗಂತವೂ ಸೂರ್ಯನ ಬಿಂಬವೂ ಒಟ್ಟಿಗೇ ಓಲಾಡುತ್ತವೆ. ಅವೆರಡರ ನಡುವಿನ ಕೋನ ಮಾತ್ರ ಕದಲುವುದಿಲ್ಲ. ಕನ್ನಡಿ ಕೋನವನ್ನು ಇಮ್ಮಡಿ ಮಾಡುವುದರಿಂದ 60 ಡಿಗ್ರಿ ಕಮಾನಿನಲ್ಲಿ 120 ಡಿಗ್ರಿ ಅಳೆಯಬಹುದು. ಡಿಗ್ರಿಯ 60ನೇ ಒಂದು ಭಾಗಕ್ಕೆ ಒಂದು ನಿಮಿಷ ಅಂತಾರೆ. ಅಕ್ಷಾಂಶದ ಒಂದು ನಿಮಿಷವೇ ಒಂದು ನಾಟಿಕಲ್ ಮೈಲು, ಅಂದ್ರೆ 1,852 ಮೀಟರ್. ಒಳ್ಳೆಯ ಸೆಕ್ಸ್‌ಟೆಂಟು, ಪಳಗಿದ ಕೈ ಸೇರಿದರೆ ನಡುಸಮುದ್ರದಲ್ಲಿ ಒಂದೆರಡು ಮೈಲಿಯ ವ್ಯತ್ಯಾಸದಲ್ಲಿ ತಾನೆಲ್ಲಿದ್ದೇನೆ ಅಂತ ಹೇಳಬಹುದಿತ್ತು.

ಇದಿಷ್ಟು ಉತ್ತರ–ದಕ್ಷಿಣದ ಲೆಕ್ಕ. ಪೂರ್ವ–ಪಶ್ಚಿಮ? ಅದಕ್ಕೆ ಗಡಿಯಾರ ಬೇಕು. ಇಲ್ಲಿ ನಮ್ಮ ಕಡೆಯದೇ ಉದಾಹರಣೆ ಕೊಡ್ತೀನಿ. ಗದಗ ಮತ್ತು ಗೋವಾದ ಮುರ್ಮಗೋವಾ ಬಂದರು ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಬಿಂಕದಕಟ್ಟಿಯಿಂದ ಒಂಚೂರೂ ಬಾಗದೆ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಸಮುದ್ರ ಸೇರುವುದು ಅಲ್ಲಿಯೇ. ಎರಡೂ ಕಡೆ ಧ್ರುವತಾರೆಯ ಎತ್ತರ ಒಂದೇ. ಸೆಕ್ಸ್‌ಟೆಂಟ್ ಒಂದನ್ನೇ ನಂಬಿದರೆ ಗದಗ ಯಾವುದು, ಗೋವಾ ಯಾವುದು ಅಂತ ಗೊತ್ತಾಗಲ್ಲ. ಆದರೆ ಗದಗಿನಲ್ಲಿ ಸೂರ್ಯ ನೆತ್ತಿ ದಾಟಿ ಸುಮಾರು 7 ನಿಮಿಷ ಆದ ಮೇಲೆ ಮುರ್ಮಗೋವಾದಲ್ಲಿ ದಾಟುತ್ತಾನೆ. ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ಹೊರಟ ಊರಿನ ಸಮಯ ತೋರಿಸುವ ಗಡಿಯಾರ ಜೊತೆಗಿದ್ದರೆ ಎಷ್ಟು ದೂರ ಬಂದಿದ್ದೇವೆ ಅಂತ ಲೆಕ್ಕ ಹಾಕಬಹುದು. ಹಡಗಿನ ಕುಲುಕಾಟದಲ್ಲೂ ತಪ್ಪದ ಅಂಥ ಗಡಿಯಾರ ಮಾಡಿದವನು ಜಾನ್ ಹ್ಯಾರಿಸನ್, ಒಬ್ಬ ಬಡಗಿ. 1761ರಲ್ಲಿ ಅವನ ನಾಲ್ಕನೇ ಗಡಿಯಾರ ಜಮೈಕಾ ಪ್ರಯಾಣದಲ್ಲಿ ಪರೀಕ್ಷೆಗೆ ಹೊರಟಿತು. ಕೋನ ಮತ್ತು ಗಡಿಯಾರ: ಈ ಎರಡು ಕೈಗೆ ಬಂದ ಮೇಲೆ ಇಂಗ್ಲೆಂಡಿನ ಹಡಗುಗಳನ್ನು ತಡೆಯೋರು ಯಾರು?

ಈಗ ನಮ್ಮ ಹತ್ತಿಯ ಕಥೆ. ಗದಗ, ಧಾರವಾಡ, ಹುಬ್ಬಳ್ಳಿ ಸೀಮೆಯ ಎರೆ ಭೂಮಿಯಲ್ಲಿ ಬೆಳೆಯುತ್ತಿದ್ದುದು ಜವಾರಿ ಹತ್ತಿ. ಅದು ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಪತ್ತೇಮಾರಿಯಲ್ಲಿ ಮುಂಬೈಗೆ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಆಫ್ರಿಕಾ ಸುತ್ತಿ ಲಿವರ್‌ಪೂಲಿಗೆ ಹೋಗುತ್ತಿತ್ತು. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಅಲ್ಲಿನ ಮಾರುಕಟ್ಟೆಯಲ್ಲಿ ನಮ್ಮ ಹತ್ತಿಯ ಹೆಸರು ಏನು ಗೊತ್ತಾ? ‘ಕುಮಟಾ.’ ಗದಗ ಅಲ್ಲ, ಧಾರವಾಡ ಅಲ್ಲ. ಹಡಗು ಹತ್ತಿದ ಊರಿನ ಹೆಸರು ಉಳಿಯಿತು, ಬೆವರು ಸುರಿಸಿದ ಊರಿನ ಹೆಸರು ಅಳಿಸಿಹೋಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿನ ಹತ್ತಿ ನಿಂತಿತು. ಲಂಕಾಶೈರಿನ ಗಿರಣಿಗಳಿಗೆ ಏದುಸಿರು ಬಂತು. ಅವರ ಕಣ್ಣು ನಮ್ಮ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರೆಸಿಡೆನ್ಸಿಯಿಂದ ಬಿಡಿಸಿ ಮುಂಬೈಗೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕು ಅನ್ನೋದು ಅದರ ಹಿಂದಿನ ದೊಡ್ಡ ಲೆಕ್ಕಾಚಾರ. ಅರಬೈಲ್ ಘಟ್ಟದ ರಸ್ತೆ ಸಿದ್ಧವಾಯ್ತು. ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ 1860ರ ದಶಕದಲ್ಲಿ ದೀಪಸ್ತಂಭ ಎದ್ದಿತು. ಗದಗಿನ ಎತ್ತು ಎಳೆದ ಹತ್ತಿ ಅಂಡಿಗೆಯ ಪಯಣ, ಕೊನೆಗೆ ಯಾರೋ ಒಬ್ಬ ಕಪ್ತಾನ ಸೆಕ್ಸ್‌ಟೆಂಟ್ ಹಿಡಿದು ಸೂರ್ಯನನ್ನು ದಿಗಂತಕ್ಕೆ ಇಳಿಸಿದ ಕ್ಷಣಕ್ಕೆ ಕಟ್ಟುಬಿದ್ದಿತ್ತು.

ಎಲ್ಲ ಸರಿ, ರೈತನಿಗೆ ಏನಾಯ್ತು? ಯುದ್ಧ ನಡೆಯುವಷ್ಟು ದಿನ ಬೆಲೆ ಗಗನಕ್ಕೆ ಹೋಯ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ನೆಲ ಕಚ್ಚಿತು. ಮುಂಬೈಯ ದೊಡ್ಡ ದೊಡ್ಡ ಕುಳಗಳೇ ದಿವಾಳಿ ಎದ್ದರು. ಇಲ್ಲಿ ಹೊಲದಲ್ಲಿ ನಿಂತವನಿಗೆ ತನ್ನ ಹತ್ತಿ ಎಲ್ಲಿಗೆ ಹೋಗುತ್ತೆ, ಯಾವ ದೇಶದ ಯುದ್ಧಕ್ಕೆ ತನ್ನ ಬೆಲೆ ಏರಿತು, ಯಾಕೆ ಇಳಿಯಿತು ಅನ್ನೋದನ್ನು ತಿಳಿಯುವ ದಾರಿಯೇ ಇರಲಿಲ್ಲ. ಆಮೇಲೆ 1880ರ ದಶಕದಲ್ಲಿ ಗದಗಕ್ಕೆ ರೈಲು ಬಂತು, ಅದನ್ನು ಪೋರ್ಚುಗೀಸರ ಮುರ್ಮಗೋವಾಕ್ಕೆ ಜೋಡಿಸಿದರು. ಹತ್ತಿ ಆ ಕಡೆ ತಿರುಗಿತು, ಕಾರವಾರದ ಕನಸು ಅಲ್ಲಿಗೆ ಒಣಗಿತು. ಇವತ್ತಿಗೂ ಗದಗ ಸ್ಟೇಷನ್ನಿನಲ್ಲಿ ‘ವಾಸ್ಕೋ ಡ ಗಾಮಾ’ ಅಂತ ಬೋರ್ಡು ಹಾಕಿಕೊಂಡ ರೈಲು ಬಂದು ನಿಲ್ಲುತ್ತೆ. ನಮ್ಮ ಪೈಲಟ್‌ನ ಹೆಸರಿನ ಸ್ಟೇಷನ್ ಎಲ್ಲಿದೆ ಹೇಳಿ?

ಇದೆಲ್ಲ ಹಳೇ ಕಥೆ, ಈಗ ಜಿಪಿಎಸ್ ಇದೆಯಲ್ಲ ಅಂತೀರಾ? ಕೇಳಿ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ನೊವೊರೊಸಿಸ್ಕ್ ಬಂದರಿನ ಬಳಿ ಇದ್ದ ಹಡಗುಗಳ ಜಿಪಿಎಸ್ ‘ನೀವು ವಿಮಾನ ನಿಲ್ದಾಣದಲ್ಲಿದ್ದೀರಿ’ ಅಂತ ತೋರಿಸಿತು! ಹಡಗು ನೀರಲ್ಲಿ, ಚುಕ್ಕೆ ರನ್‌ವೇ ಹತ್ತಿರ. ಸುಳ್ಳು ಸಿಗ್ನಲ್ ಕಳಿಸಿ ದಾರಿ ತಪ್ಪಿಸುವ ಆಟ ಇದು. ಆಕಾಶದಿಂದ ಬರುವ ಈ ಸಿಗ್ನಲ್ಲು ಎಷ್ಟು ಕ್ಷೀಣ ಅಂದ್ರೆ ನೆಲದ ಮೇಲಿನ ಸಣ್ಣ ಯಂತ್ರವೂ ಅದನ್ನು ಮುಚ್ಚಿಹಾಕಬಲ್ಲದು. ಜಿಪಿಎಸ್ ಯಾರದ್ದೋ, ಆ ಅಮೆರಿಕದ ನೌಕಾ ಅಕಾಡೆಮಿಯೇ ನಕ್ಷತ್ರ ನೋಡಿ ಹಡಗು ನಡೆಸುವ ಪಾಠವನ್ನು ಒಮ್ಮೆ ಕೈಬಿಟ್ಟು, 2015ರಲ್ಲಿ ಮತ್ತೆ ಶುರು ಮಾಡಿತು. ಅವರಿಗೇ ಭಯ ಇದೆ, ನಮಗಿಲ್ಲ.

ನಮ್ಮ ನೌಕಾಪಡೆಯ ಅಧಿಕಾರಿಯಾಗಿದ್ದ ಅಭಿಲಾಷ್ ಟಾಮಿ ಗೊತ್ತಲ್ಲ? ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಒಬ್ಬನೇ ಹಾಯಿದೋಣಿಯಲ್ಲಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕು. ಜಿಪಿಎಸ್ ನೋಡುವ ಹಾಗಿಲ್ಲ, 1968ರ ಕಾಲದ ಸಲಕರಣೆಗಳಷ್ಟೇ. ಅಂದ್ರೆ ಸೆಕ್ಸ್‌ಟೆಂಟು, ಗಡಿಯಾರ, ಕಾಗದದ ನಕ್ಷೆ. 2018ರಲ್ಲಿ ಬಿರುಗಾಳಿಗೆ ಸಿಕ್ಕು ದೋಣಿಯ ಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟು ಬಿದ್ದು, ಅವರನ್ನು ಎತ್ತಿ ತರಬೇಕಾಯಿತು. ಮನುಷ್ಯ ಬಿಡಲಿಲ್ಲ. 2022ರಲ್ಲಿ ಮತ್ತೆ ಹೊರಟರು. 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಫ್ರಾನ್ಸಿನ ದಡ ಮುಟ್ಟಿದರು. ಸಮುದ್ರದ ಮೇಲೆ 236 ದಿನ, ಕೈಯಲ್ಲಿ ಇನ್ನೂರೈವತ್ತು ವರ್ಷ ಹಳೆಯ ವಿದ್ಯೆ.

ನಮ್ಮದೇ ವ್ಯವಸ್ಥೆ ಬೇಕು ಅಂತ ಇಸ್ರೊ ಕಟ್ಟಿದ್ದು ನಾವಿಕ್. ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ ಅದರ ಕೇಂದ್ರ ಇದೆ. 2013ರ ಜುಲೈನಲ್ಲಿ ಮೊದಲ ಉಪಗ್ರಹ ಹೋಯಿತು. ಆಮೇಲೆ ಅದರಲ್ಲಿದ್ದ ಮೂರೂ ಪರಮಾಣು ಗಡಿಯಾರಗಳು ಕೆಟ್ಟವು. ಅವು ಹೊರದೇಶದಿಂದ ತಂದ ಗಡಿಯಾರಗಳು. ಹ್ಯಾರಿಸನ್ ಕಾಲದಲ್ಲೂ ಗಡಿಯಾರದ್ದೇ ತಲೆನೋವು, ಈಗಲೂ ಅದೇ! 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಮೊದಲ ಸಲ ನಾವೇ ಮಾಡಿದ ಪರಮಾಣು ಗಡಿಯಾರ ಹೋಯಿತು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತಲುಪಬೇಕಾದ ಕಕ್ಷೆ ತಲುಪಲಿಲ್ಲ. ಉಡಾವಣೆಯ ದಿನ ನಾವು ಟಿವಿಯವರು ಪಟಾಕಿ ಹೊಡೆದೆವು. ಕಕ್ಷೆ ತಪ್ಪಿದ ದಿನ ಎಷ್ಟು ಚಾನೆಲ್‌ಗಳು ಅದರ ಬಗ್ಗೆ ಅರ್ಧ ಗಂಟೆ ಮಾತಾಡಿದವು? ನನ್ನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ಇದು ಇಸ್ರೊವನ್ನು ಹಂಗಿಸುವ ಮಾತಲ್ಲ. ಹ್ಯಾರಿಸನ್‌ಗೆ ಹಡಗಿನ ಗಡಿಯಾರ ಮಾಡಲು ಮೂರು ದಶಕ ಹಿಡಿಯಿತು. ಅಲ್ಲಿಯವರೆಗೆ ಒಂದು ಸಂಸತ್ತು, ಒಂದು ದೇಶ ಆ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡಿತ್ತು. ನಾವು ಹಿಡಿದುಕೊಳ್ಳುತ್ತೇವಾ ಅನ್ನೋದಷ್ಟೇ ನನ್ನ ಪ್ರಶ್ನೆ.

ಅವತ್ತು ಹೊಲದಲ್ಲಿ ನಿಂತವನಿಗೆ ತಾನು ಲೋಕದ ಯಾವ ಮೂಲೆಯಲ್ಲಿದ್ದೇನೆ ಅನ್ನೋದನ್ನು ಬೇರೆಯವರು ತೀರ್ಮಾನಿಸಿದರು, ಹೆಸರನ್ನೂ ಬೆಲೆಯನ್ನೂ ಅವರೇ ಇಟ್ಟರು. ಇವತ್ತು ನೀಲಿ ಚುಕ್ಕೆ ನಮಗೆ ಪುಕ್ಕಟೆ ಸಿಕ್ಕಿದೆ. ಪುಕ್ಕಟೆ ಸಿಕ್ಕಿದ್ದನ್ನು ಕೊಟ್ಟವರು ಯಾವತ್ತು ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು.

ಹಾಗಾಗಿ ಗದಗ ಜಿಲ್ಲೆಯ ಮೇಷ್ಟ್ರುಗಳಲ್ಲಿ, ತಾಯಂದಿರಲ್ಲಿ ನನ್ನದೊಂದು ವಿನಂತಿ. ಮೇ ಮೊದಲ ವಾರದಲ್ಲಿ ಮತ್ತು ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ನಿಮ್ಮ ಊರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂವರೆಯ ಹತ್ತಿರ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ನೆರಳೇ ಇರುವುದಿಲ್ಲ. ಆ ದಿನ ಮಕ್ಕಳಿಗೆ ಹೇಳಿ, ನಮ್ಮೂರಿನ ಅಕ್ಷಾಂಶವೂ ಇವತ್ತಿನ ಸೂರ್ಯನ ಸ್ಥಾನವೂ ಒಂದೇ ಅಂತ. ರಾತ್ರಿ ಉತ್ತರಕ್ಕೆ ನಿಲ್ಲಿಸಿ, ಒಂದು ಮುಷ್ಟಿ ಮತ್ತು ಮೂರು ಬೆರಳು ಅಳೆಯಲು ಹೇಳಿ. ಖರ್ಚು ಒಂದು ಪೈಸೆ ಇಲ್ಲ.

ಅವತ್ತು ಸಂಜೆ ಡ್ರೈವರ್‌ಗೂ ಇದನ್ನೇ ತೋರಿಸಿದೆ. ಕತ್ತಲಾದ ಮೇಲೆ ರಸ್ತೆ ಬದಿ ನಿಂತು ಅವನು ಮುಷ್ಟಿ ಹಿಡಿದ, ಬೆರಳು ಇಟ್ಟ, ನಕ್ಷತ್ರ ಹುಡುಕಿದ. ಸಿಕ್ಕಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: ‘ಹಂಗಂದ್ರ ಸರ, ಗೋವಾದಾಗ ನಿಂತ್ರೂ ಇಷ್ಟ ಎತ್ತರನ ಕಾಣತೈತಿ?’ ಹೌದಪ್ಪಾ, ಅಷ್ಟೇ ಎತ್ತರ ಅಂದೆ. ‘ಮತ್ತ ಅಲ್ಲಿಂದ ಇಲ್ಲಿಗೆ ಎಷ್ಟ ದೂರ ಅನ್ನಾಕ ಗಡಿಯಾರ ಬೇಕು’ ಅಂತ ಅವನೇ ಮುಗಿಸಿದ. ಗಾಡಿ ಹತ್ತಿದೆವು. ಫೋನು ಜೇಬಿನಲ್ಲೇ ಇತ್ತು.